ಮನೆಯೊಳಗಿನ ಗಿಡಗಳಲ್ಲಿ ಜೇಡನುಸಿ: ಮೂರು ಬಾರಿ ಔಷಧಿ ಹೊಡೆದರೂ ಹೋಗುತ್ತಿಲ್ಲ, ಮುಂದೇನು ಮಾಡಬೇಕು?

ಪ್ರಶ್ನೆ: ಕಿಟಕಿಯಂಚು, ಚಿಕ್ಕಬಳ್ಳಾಪುರ

ಎಲ್ಲರಿಗೂ ನಮಸ್ಕಾರ. ನಾವು ಚಿಕ್ಕಬಳ್ಳಾಪುರದಲ್ಲಿ ಮೊದಲ ಮಹಡಿಯ ಬಾಡಿಗೆ ಮನೆಯಲ್ಲಿದ್ದೇವೆ. ಪಶ್ಚಿಮಕ್ಕೆ ತೆರೆಯುವ ಹಜಾರದ ಕಿಟಕಿಯ ಬಳಿ ಒಂದು ಅಲೊಕೇಸಿಯಾ, ಎರಡು ಕ್ರೋಟನ್, ಒಂದು ಅರೆಕಾ ಪಾಮ್, ಮೂರು ಮನಿ ಪ್ಲಾಂಟ್ ಮತ್ತು ಒಂದು ಸ್ನೇಕ್ ಪ್ಲಾಂಟ್ ಇವೆ. ಬಾಲ್ಕನಿಯಲ್ಲಿ ದಾಸವಾಳ ಮತ್ತು ತುಳಸಿ ಇವೆ. ಶಿವರಾತ್ರಿ ಕಳೆದು ಬಿಸಿಲು ಏರತೊಡಗಿದ ಮೇಲೆ ಅಲೊಕೇಸಿಯಾದ ಎಲೆಗಳು ಹೊಳಪು ಕಳೆದುಕೊಂಡವು. ದೂಳು ಕೂತಿರಬೇಕೆಂದು ಒದ್ದೆ ಬಟ್ಟೆಯಿಂದ ಒರೆಸಿದೆ. ದೂಳು ಹೋಯಿತು, ಆದರೆ ಸಣ್ಣ ರವೆ ಉದುರಿಸಿದಂತಹ ಬಿಳಿ ಚುಕ್ಕೆಗಳು ಎಲೆಯಲ್ಲೇ ಉಳಿದವು. ನೀರು ಸಾಲುತ್ತಿಲ್ಲವೇನೋ ಎಂದುಕೊಂಡು ದಿನವೂ ನೀರು ಹಾಕತೊಡಗಿದೆ. ಅದರ ಫಲವಾಗಿ ಈಗ ಕುಂಡದ ಮಣ್ಣಿನಿಂದ ಸಣ್ಣ ಕಪ್ಪು ನೊಣಗಳು ಎದ್ದು ಮುಖಕ್ಕೆ ಬರುತ್ತಿವೆ, ಚುಕ್ಕೆಗಳು ಮಾತ್ರ ಕಡಿಮೆಯಾಗಿಲ್ಲ. ಕಳೆದ ವಾರ ಸಂಜೆಯ ಬಿಸಿಲು ಓರೆಯಾಗಿ ಬಿದ್ದಾಗ ಎಲೆಯೂ ತೊಟ್ಟೂ ಕೂಡುವ ಮೂಲೆಯಲ್ಲಿ ತೆಳ್ಳನೆಯ ಬಲೆಯೂ, ಅದರ ಮೇಲೆ ಓಡಾಡುವ ಚುಕ್ಕೆಗಳೂ ಕಾಣಿಸಿದವು.

ಗೊಬ್ಬರದಂಗಡಿಯೊಂದರಲ್ಲಿ ವಿಷಯ ಹೇಳಿದಾಗ ಗಿಡವನ್ನಾಗಲಿ ಎಲೆಯನ್ನಾಗಲಿ ನೋಡದೆ ಇಮಿಡಾಕ್ಲೋಪ್ರಿಡ್ ಎಂಬ ಕೀಟನಾಶಕ ಕೊಟ್ಟರು. ಅದನ್ನು ಹತ್ತು ದಿನಗಳ ಅಂತರದಲ್ಲಿ ಎರಡು ಬಾರಿ ಎಲ್ಲ ಗಿಡಗಳಿಗೂ, ಅವಸರದಲ್ಲಿ ತುಳಸಿಗೂ ಸಿಂಪಡಿಸಿದೆ. ಆಮೇಲೆ ಸೋಪಿನ ನೀರು ಒಳ್ಳೆಯದೆಂದು ಕೇಳಿ, ಬಟ್ಟೆ ಸೋಪನ್ನು ಬೋರ್‌ವೆಲ್ ನೀರಿನಲ್ಲಿ ಕಲಸಿ ಹೊಡೆದೆ. ನೀರು ಒಡೆದ ಹಾಲಿನಂತಾಗಿ ಎಲೆಗಳ ಮೇಲೆ ಬಿಳಿಯ ಪೊರೆ ಕೂತಿತು. ನುಸಿ ಈಗ ಕ್ರೋಟನ್‌ಗೂ ಹರಡಿದೆ. ದಾಸವಾಳದ ಚಿಗುರಿನಲ್ಲಿ ಹತ್ತಿಯಂತಹ ಬಿಳಿ ಗಂಟುಗಳಿವೆ, ಅವೂ ಇದೇ ಪೀಡೆಯೋ ಬೇರೆಯೋ ತಿಳಿಯದು. ಅಮ್ಮ ಒಲೆ ಬೂದಿ ಎರಚು ಎನ್ನುತ್ತಾರೆ. ಮನೆಯಲ್ಲಿ ಎರಡು ವರ್ಷದ ಮಗುವಿರುವುದರಿಂದ ಸಿಕ್ಕಿದ್ದನ್ನೆಲ್ಲ ಹೊಡೆಯಲು ಭಯವಾಗುತ್ತದೆ. ತಿಳಿದವರು ದಯವಿಟ್ಟು ದಾರಿ ತೋರಿಸಬೇಕು.

ಉತ್ತರ: ಹೊಲಮನೆ, ಕೋಲಾರ

ನೀವು ಬರೆದಿರುವ ಲಕ್ಷಣಗಳನ್ನು ನೋಡಿದರೆ ಇದು ಜೇಡನುಸಿಯೇ. ಆದರೂ ಖಚಿತಪಡಿಸಿಕೊಳ್ಳುವುದು ಸುಲಭ. ಬಿಳಿ ಹಾಳೆಯೊಂದನ್ನು ಎಲೆಯ ಕೆಳಗೆ ಹಿಡಿದು ಎಲೆಯನ್ನು ಬೆರಳಿನಿಂದ ನಾಲ್ಕೈದು ಬಾರಿ ತಟ್ಟಿ, ಅರ್ಧ ನಿಮಿಷ ಹಾಳೆಯನ್ನು ಅಲ್ಲಾಡಿಸದೆ ನೋಡಿ. ದೂಳಿನ ಕಣ ಬಿದ್ದಲ್ಲೇ ಇರುತ್ತದೆ, ನುಸಿ ನಿಧಾನವಾಗಿ ನಡೆಯುತ್ತದೆ. ಅದರ ಉದ್ದ ಸುಮಾರು ಅರ್ಧ ಮಿಲಿಮೀಟರ್ ಮಾತ್ರ. ಹತ್ತು ಪಟ್ಟು ದೊಡ್ಡದಾಗಿ ತೋರಿಸುವ ಮಸೂರವಿದ್ದರೆ ತಿಳಿಹಸಿರು ಮೈಯ ಎರಡು ಬದಿಗೂ ಒಂದೊಂದು ಕಪ್ಪು ಮಚ್ಚೆಯೂ, ಎಲೆಯ ಅಡಿಯಲ್ಲಿ ಗಾಜಿನ ಮಣಿಯಂತಹ ದುಂಡು ಮೊಟ್ಟೆಗಳೂ ಕಾಣುತ್ತವೆ. ಅದು ಎರಡು ಚುಕ್ಕೆಯ ಜೇಡನುಸಿ. ಕೆಂಪಾಗಿರುವ ನುಸಿಗಳೂ ಇವೆ. ನಮ್ಮ ಕಡೆ ಟೊಮೆಟೊ, ಬದನೆ, ಹುರುಳಿಕಾಯಿ ಬೆಳೆಯುವವರು ಎಲ್ಲಕ್ಕೂ ಸೇರಿಸಿ ಕೆಂಪು ನುಸಿ ಎಂದುಬಿಡುತ್ತಾರೆ.

ಅಂಗಡಿಯವರು ಕೊಟ್ಟ ಔಷಧಿ ಏಕೆ ಕೆಲಸ ಮಾಡಲಿಲ್ಲವೆಂಬುದು ಇಲ್ಲಿ ಮುಖ್ಯವಾದ ಪ್ರಶ್ನೆ. ನುಸಿ ಕೀಟವಲ್ಲ. ಬೆಳೆದ ನುಸಿಗೆ ಎಂಟು ಕಾಲುಗಳಿರುತ್ತವೆ, ಅದು ಜೇಡ ಮತ್ತು ಉಣ್ಣೆಗಳ ಬಳಗಕ್ಕೆ ಸೇರಿದ್ದು. ಇಮಿಡಾಕ್ಲೋಪ್ರಿಡ್ ಸಸ್ಯಹೇನು, ಬಿಳಿನೊಣ, ಜಿಗಿಹುಳುಗಳಂತಹ ರಸ ಹೀರುವ ಕೀಟಗಳ ಮೇಲೆ ಕೆಲಸ ಮಾಡುತ್ತದೆಯೇ ಹೊರತು ಜೇಡನುಸಿಯನ್ನು ಕೊಲ್ಲುವುದಿಲ್ಲ. ಅದನ್ನು ಬಳಸಿದ ಗಿಡಗಳಲ್ಲಿ ನುಸಿ ಮೊದಲಿಗಿಂತ ಹೆಚ್ಚಾಗುವುದೂ ಉಂಟು. ಮನೆಯಲ್ಲಿ ಸೊಳ್ಳೆ, ಜಿರಲೆಗೆ ಹೊಡೆಯುವ ಸ್ಪ್ರೇಗಳಲ್ಲಿರುವ ಪೈರೆಥ್ರಾಯ್ಡ್‌ಗಳ ಕಥೆಯೂ ಅಷ್ಟೇ: ನುಸಿಯನ್ನು ತಿಂದು ಬದುಕುವ ಒಳ್ಳೆಯ ಜೀವಿಗಳು ಮೊದಲು ಸಾಯುತ್ತವೆ, ನುಸಿ ಉಳಿದುಕೊಳ್ಳುತ್ತದೆ. ಆದ್ದರಿಂದ ಆ ಬಾಟಲಿಯನ್ನು ಮುಚ್ಚಿ, ಮಗುವಿನ ಕೈಗೆ ಎಟುಕದ ಕಡೆ ಇಡಿ.

ಎರಡನೆಯದು ಅಂತರ. ಮೂವತ್ತು ಡಿಗ್ರಿಯ ಆಸುಪಾಸಿನ ಒಣ ಹವೆಯಲ್ಲಿ ಮೊಟ್ಟೆಯಿಂದ ಬೆಳೆದ ನುಸಿಯಾಗಲು ಎಂಟರಿಂದ ಹತ್ತು ದಿನ ಸಾಕು, ಒಂದು ಹೆಣ್ಣು ತನ್ನ ಜೀವಿತದಲ್ಲಿ ನೂರರ ಸುಮಾರು ಮೊಟ್ಟೆ ಇಡಬಲ್ಲದು. ಗಂಡಿನೊಡನೆ ಕೂಡದ ಹೆಣ್ಣೂ ಮೊಟ್ಟೆ ಇಡುತ್ತದೆ, ಅವೆಲ್ಲ ಗಂಡಾಗುತ್ತವೆ. ಹೀಗಾಗಿ ಒಂದೇ ಒಂದು ಹೆಣ್ಣು ಉಳಿದರೂ ಸಂತತಿ ಮತ್ತೆ ಶುರುವಾಗಬಲ್ಲದು. ನಾವು ಮನೆಯಲ್ಲಿ ಹೊಡೆಯುವ ಸೋಪಾಗಲಿ ಬೇವಿನೆಣ್ಣೆಯಾಗಲಿ ಓಡಾಡುವ ನುಸಿಗೆ ತಾಗುವಷ್ಟು ಮೊಟ್ಟೆಗೆ ತಾಗುವುದಿಲ್ಲ. ನೀವು ಹತ್ತು ದಿನ ಬಿಟ್ಟು ಎರಡನೆಯ ಬಾರಿ ಹೊಡೆಯುವ ಹೊತ್ತಿಗೆ, ಮೊದಲ ಸಲ ಮೊಟ್ಟೆಯಲ್ಲಿದ್ದವು ದೊಡ್ಡವಾಗಿ ತಾವೂ ಮೊಟ್ಟೆ ಇಡತೊಡಗಿರುತ್ತವೆ. ನಾಲ್ಕೈದು ದಿನಕ್ಕೊಮ್ಮೆಯಂತೆ ಕನಿಷ್ಠ ನಾಲ್ಕು ಬಾರಿ ಮಾಡಬೇಕು, ಎರಡನೆಯ ಬಾರಿಯ ನಂತರ ಗಿಡ ಚೆನ್ನಾಗಿ ಕಂಡಿತೆಂದು ನಿಲ್ಲಿಸಬಾರದು.

ಬೂದಿಯ ಬಗ್ಗೆ ನಿಮ್ಮ ತಾಯಿಯವರಿಗೆ ಗೌರವದಿಂದಲೇ ಹೇಳಬೇಕಾಗಿದೆ. ಅವರೆಕಾಯಿಯ ಹೂಗೊಂಚಲಿನ ಹೇನಿಗೆ ನಮ್ಮ ಹಿರಿಯರು ಬೆಳಗಿನ ಇಬ್ಬನಿಯಲ್ಲಿ ಬೂದಿ ಎರಚುತ್ತಿದ್ದರು, ನಾನೂ ಎರಚಿದ್ದೇನೆ. ಆದರೆ ಜೇಡನುಸಿ ಇರುವುದು ಎಲೆಯ ಅಡಿಯಲ್ಲಿ, ಬೂದಿ ಕೂರುವುದು ಮೇಲೆ. ಅದೂ ಅಲ್ಲದೆ ದೂಳು ಹಿಡಿದ ಎಲೆಯಲ್ಲಿ ಈ ನುಸಿ ಇನ್ನೂ ಚೆನ್ನಾಗಿ ಬಾಳುತ್ತದೆ; ಮಣ್ಣುರಸ್ತೆಯ ಪಕ್ಕದ ಸಾಲುಗಳಲ್ಲೇ ಅದು ಮೊದಲು ಕಾಣಿಸಿಕೊಳ್ಳುವುದನ್ನು ಟೊಮೆಟೊ ಬೆಳೆಯುವ ಯಾರನ್ನು ಕೇಳಿದರೂ ಹೇಳುತ್ತಾರೆ.

ತುಳಸಿಯ ವಿಷಯಕ್ಕೆ ಬರುತ್ತೇನೆ. ಇಮಿಡಾಕ್ಲೋಪ್ರಿಡ್ ಎಲೆಯ ಮೇಲಷ್ಟೇ ಉಳಿಯುವ ಔಷಧಿಯಲ್ಲ, ಗಿಡದೊಳಗೆ ಸೇರಿ ವಾರಗಟ್ಟಲೆ ಇರುತ್ತದೆ, ತೊಳೆದರೆ ಹೋಗುವುದಿಲ್ಲ. ಆ ಗಿಡದ ದಳವನ್ನು ತೀರ್ಥಕ್ಕೂ ಕಷಾಯಕ್ಕೂ ಬಳಸಬೇಡಿ. ಬೀಜದಿಂದ ಬೇರೆ ಗಿಡ ಎಬ್ಬಿಸಿಕೊಳ್ಳುವುದು ಕ್ಷೇಮ.

ಇನ್ನೊಂದು ಎಚ್ಚರಿಕೆ. ಯಾರಾದರೂ ಹಳೆಯ ದಾಸ್ತಾನಿನಿಂದ ಡೈಕೋಫಾಲ್ ತಂದುಕೊಟ್ಟರೆ ಬೇಡವೆನ್ನಿ. ಒಂದು ಕಾಲಕ್ಕೆ ನುಸಿಗೆಂದರೆ ಅದೇ ಎಂಬಂತಿತ್ತು, ನಾನೇ ಎಷ್ಟೋ ರೈತರಿಗೆ ಬರೆದುಕೊಟ್ಟಿದ್ದೇನೆ. 2019ರಲ್ಲಿ ಅದು, ಪರಿಸರದಲ್ಲಿ ಬಹುಕಾಲ ಉಳಿಯುವ ವಿಷಗಳ ಕುರಿತ ಅಂತರರಾಷ್ಟ್ರೀಯ ಸ್ಟಾಕ್‌ಹೋಮ್ ಒಪ್ಪಂದದ ನಿರ್ಮೂಲನಾ ಪಟ್ಟಿಗೆ ಸೇರಿತು, 2023ರಲ್ಲಿ ನಮ್ಮ ಕೇಂದ್ರ ಸರ್ಕಾರವೂ ನಿಷೇಧಿಸಿತು.

ಉತ್ತರ: ತೆಂಗಿನಗರಿ, ತುಮಕೂರು

ಮೇಲಿನ ಉತ್ತರದಲ್ಲಿ ಬಿಟ್ಟುಹೋದ ಒಂದು ವಿಷಯವನ್ನು ಹೇಳಲೇಬೇಕು, ಅದು ನೀರು. ನೀವು ಬರೆದ ಒಡೆದ ಹಾಲಿನ ವರ್ಣನೆಯನ್ನು ಓದಿದ ಕೂಡಲೇ ನನಗೆ ನಮ್ಮ ಮನೆಯ ಬಕೆಟ್ಟು ನೆನಪಾಯಿತು. ನಮ್ಮ ಬಯಲುಸೀಮೆಯ ಆಳದ ಬೋರ್‌ವೆಲ್‌ಗಳ ನೀರು ಗಡಸು. ನೀರು ಕಾಯಿಸುವ ಪಾತ್ರೆಯ ತಳದಲ್ಲಿ ಬಿಳಿಯ ಹಕ್ಕಳೆ ಕಟ್ಟುವುದೂ, ತಲೆಗೆ ಎಷ್ಟು ಸೋಪು ಹಚ್ಚಿದರೂ ನೊರೆ ಬಾರದಿರುವುದೂ ಅದರಿಂದಲೇ. ಸೋಪು ನೀರಿನಲ್ಲಿರುವ ಕ್ಯಾಲ್ಸಿಯಂ, ಮೆಗ್ನೀಸಿಯಂ ಜೊತೆ ಸೇರಿ ಕರಗದ ಗಸಿಯಾಗುತ್ತದೆ. ನುಸಿಯ ಮೈಗಂಟಿ ಅದನ್ನು ಕೊಲ್ಲಬೇಕಾದದ್ದು ನೀರಿನಲ್ಲಿ ಕರಗಿರುವ ಸೋಪು. ಗಸಿಯಾದ ಮೇಲೆ ಅದಕ್ಕೆ ಆ ಶಕ್ತಿಯಿಲ್ಲ. ಹಾಗಾಗಿ ನೀವು ಮೂರನೆಯ ಬಾರಿ ಹೊಡೆದದ್ದು ಔಷಧಿಯಲ್ಲ, ಸುಣ್ಣದ ಪೊರೆ ಎಂದುಕೊಳ್ಳಿ. ಅದೇ ಪೊರೆ ನಿಮ್ಮ ಎಲೆಗಳ ಮೇಲೆ ಕೂತಿರುವುದು.

ಪರೀಕ್ಷೆ ಹೀಗೆ ಮಾಡಿ. ಒಂದು ಪಾರದರ್ಶಕ ಬಾಟಲಿಗೆ ನಿಮ್ಮ ನಲ್ಲಿಯ ನೀರು, ಇನ್ನೊಂದಕ್ಕೆ ಕುಡಿಯಲು ತರುವ ಆರ್‌ಓ ನೀರು ಅರ್ಧರ್ಧ ತುಂಬಿ, ಎರಡಕ್ಕೂ ಕಡಲೆಬೇಳೆಯಷ್ಟು ಸೋಪಿನ ಚೂರು ಹಾಕಿ, ಕರಗುವವರೆಗೂ ಕುಲುಕಿ ಪಕ್ಕಪಕ್ಕದಲ್ಲಿಡಿ. ನಮ್ಮ ಮನೆಯಲ್ಲಿ ಆರ್‌ಓ ಬಾಟಲಿಯಲ್ಲಿ ಎರಡು ಬೆರಳಿನಷ್ಟು ನೊರೆ ನಿಂತಿತು; ಬೋರ್‌ವೆಲ್ ಬಾಟಲಿಯಲ್ಲಿ ನೊರೆ ಕೂಡಲೇ ಇಳಿದು, ನೀರಿನ ಮೇಲೆ ಮೊಸರಿನ ತುಣುಕುಗಳಂತಹವು ತೇಲಿದವು. ಅಂದಿನಿಂದ ಸಿಂಪಡಣೆಗೆ ಆರ್‌ಓ ನೀರು ಅಥವಾ ತಾರಸಿಯಿಂದ ಹಿಡಿದಿಟ್ಟ ಮಳೆನೀರನ್ನೇ ಬಳಸುತ್ತೇನೆ. ಗಿಡಕ್ಕೆ ಹಾಕಲು ಬೋರ್‌ವೆಲ್ ನೀರೇ ಇರಲಿ, ಎಲೆಗೆ ಹೊಡೆಯಲು ಮಾತ್ರ ಎರಡು ಲೀಟರ್ ಮೆದು ನೀರು ಸಾಕು.

ಅಳತೆ: ಒಂದು ಲೀಟರ್ ಮೆದು ನೀರಿಗೆ ಐದು ಮಿಲಿ ದ್ರವ ಸೋಪು. ಸೋಪೆಂದರೆ ಸೋಪೇ ಆಗಬೇಕು, ತೋಟಗಾರಿಕೆ ಅಂಗಡಿಗಳಲ್ಲಿ ಸಿಗುವ ಪೊಟ್ಯಾಸಿಯಂ ಸೋಪು ಉತ್ತಮ. ಬಟ್ಟೆಯ ಡಿಟರ್ಜೆಂಟ್ ಪುಡಿ ಎಲೆಯನ್ನು ಸುಡುತ್ತದೆ. ಬೇವಿನೆಣ್ಣೆ ಸೇರಿಸುವುದಾದರೆ ಮೊದಲು ಅಂಗೈ ತಾಳುವಷ್ಟು ಬೆಚ್ಚಗಿನ ಸ್ವಲ್ಪ ನೀರಿನಲ್ಲಿ ಸೋಪು ಕದಡಿ, ಐದು ಮಿಲಿ ಎಣ್ಣೆಯನ್ನು ಅದರಲ್ಲಿ ಹಾಲಿನಂತಾಗುವವರೆಗೂ ಕುಲುಕಿ, ಆಮೇಲೆ ಉಳಿದ ನೀರು ಬೆರೆಸಬೇಕು. ಎಣ್ಣೆ ಮೇಲೆ ತೇಲುತ್ತಿದ್ದರೆ ಹೊಡೆಯಬೇಡಿ. ಕಲಸಿದ್ದನ್ನು ಅಂದೇ ಮುಗಿಸಿ, ನಾಳೆಗೆಂದು ಇಟ್ಟರೆ ಕೆಟ್ಟುಹೋಗುತ್ತದೆ. ಯಾವ ಗಿಡಕ್ಕಾದರೂ ಮೊದಲು ಒಂದೇ ಎಲೆಗೆ ಹೊಡೆದು ಎರಡು ದಿನ ನೋಡಿ. ಬಿಸಿಲು ಇಳಿದ ಮೇಲೆ, ಎಲೆಯ ಅಡಿಯೆಲ್ಲ ತೊಟ್ಟಿಕ್ಕುವಂತೆ ಹೊಡೆಯಬೇಕು. ಸೋಪು ಒದ್ದೆಯಾಗಿರುವಷ್ಟು ಹೊತ್ತು ಮಾತ್ರ ಕೊಲ್ಲುತ್ತದೆ, ಒಣಗಿದ ಮೇಲೆ ಏನೂ ಇಲ್ಲ.

ಇಷ್ಟೆಲ್ಲ ಹೇಳಿದ ಮೇಲೂ ನನ್ನ ಅನುಭವದಲ್ಲಿ ಅರ್ಧಕ್ಕಿಂತ ಹೆಚ್ಚು ಕೆಲಸ ಮಾಡುವುದು ಬರಿಯ ನೀರು. ಕುಂಡದ ಬಾಯಿಗೆ ಪ್ಲಾಸ್ಟಿಕ್ ಚೀಲ ಸುತ್ತಿ ಕಟ್ಟಿ, ಗಿಡವನ್ನು ಬಚ್ಚಲಿಗೆ ಒಯ್ದು, ಓರೆಯಾಗಿ ಮಲಗಿಸಿ, ಕೈ ಷವರಿನಿಂದ ಎಲೆಯ ಅಡಿಗೆ ಒತ್ತಡದ ನೀರು ಬಿಡಿ. ಅರೆಕಾ ಪಾಮ್‌ನ ಗರಿಯನ್ನು ಎರಡು ಬೆರಳುಗಳ ನಡುವೆ ಒದ್ದೆ ಬಟ್ಟೆಯಿಂದ ಬುಡದಿಂದ ತುದಿಗೆ ಎಳೆದರೆ ಬಟ್ಟೆಯ ಮೇಲೆ ತುಕ್ಕಿನ ಬಣ್ಣದ ಗೆರೆ ಬೀಳುತ್ತದೆ. ಅದು ನುಸಿಯೂ ಅದರ ಪೊರೆಯೂ ಸೇರಿದ್ದು. ಒಂದು ಗಿಡಕ್ಕೆ ಬಳಸಿದ ಬಟ್ಟೆಯನ್ನು ತೊಳೆಯದೆ ಇನ್ನೊಂದಕ್ಕೆ ಹಾಕಬೇಡಿ, ನಾನು ಹಾಗೆ ಮಾಡಿಯೇ ಪಾಮ್‌ನಿಂದ ಕ್ರೋಟನ್‌ಗೆ ಹರಡಿಸಿದ್ದೆ.

ನುಸಿ ಎಂದೊಡನೆ ನಮ್ಮ ಜಿಲ್ಲೆಯವರಿಗೆ 1990ರ ದಶಕದ ಕೊನೆಗೆ ಕೇರಳದಲ್ಲಿ ಕಾಣಿಸಿಕೊಂಡು ನಮ್ಮ ತಿಪಟೂರಿನ ತೋಟಗಳಿಗೂ ಬಂದ ತೆಂಗಿನ ನುಸಿಪೀಡೆ ನೆನಪಾಗುತ್ತದೆ. ಅದು ಬೇರೆ ಜಾತಿ, ನಾಲ್ಕೇ ಕಾಲಿನದು, ಎಳೆಗಾಯಿಯ ತೊಟ್ಟಿನ ಕೆಳಗೆ ಅಡಗಿರುತ್ತದೆ, ಬಲೆ ಹೆಣೆಯುವುದಿಲ್ಲ. ಅದಕ್ಕೆ ಬೇರಿನ ಮೂಲಕ ಕೊಡುತ್ತಿದ್ದ ಔಷಧಿಯನ್ನು ಕುಂಡದ ಗಿಡಕ್ಕೂ ಕೊಡಬಹುದೇ ಎಂದು ಕೇಳಿದವರಿದ್ದಾರೆ, ಅದಕ್ಕಾಗಿ ಬರೆದೆ. ಕೊಡಬೇಡಿ.

ಉತ್ತರ: ಹಿಪ್ಪುನೇರಳೆ, ಶಿಡ್ಲಘಟ್ಟ

ದಾಸವಾಳದ ಬಿಳಿ ಗಂಟು ಜೇಡನುಸಿಯಲ್ಲ, ಹಿಟ್ಟು ತಿಗಣೆ. ಹಿಪ್ಪುನೇರಳೆಯ ಕುಡಿಯನ್ನು ಮುರುಟಿಸುವ ತುಕ್ರಾ ಎಂದು ನಾವು ಕರೆಯುವುದು ಇದರದೇ ಒಂದು ಜಾತಿಯಿಂದ ಆಗುವಂಥದ್ದು, ಆ ಜಾತಿಗೆ ದಾಸವಾಳವೂ ಬಹಳ ಇಷ್ಟ. ಮುರುಟಿದ ಕುಡಿಯನ್ನು ಕತ್ತರಿಸಿ ಚೀಲದಲ್ಲಿ ಕಟ್ಟಿ ಸುಡುವುದೇ ಮೊದಲ ಕೆಲಸ, ಕಸದ ಬುಟ್ಟಿಗೆ ಹಾಗೆಯೇ ಎಸೆದರೆ ಮತ್ತೆ ಹರಡುತ್ತದೆ. ಉಳಿದವಕ್ಕೆ ಕಿವಿಗೆ ಹಾಕುವ ಹತ್ತಿಕಡ್ಡಿಯನ್ನು ಸ್ಪಿರಿಟ್‌ನಲ್ಲಿ ಅದ್ದಿ ಒಂದೊಂದಕ್ಕೂ ಮುಟ್ಟಿಸಿ. ಮೇಣದ ಹಿಟ್ಟು ಕರಗಿ ಒಳಗಿನ ಹುಳು ಕಂದು ಬಣ್ಣಕ್ಕೆ ತಿರುಗಿದರೆ ಸತ್ತಿದೆ ಎಂದರ್ಥ. ಸ್ಪಿರಿಟ್ಟಿಗೆ ಬೆಂಕಿ ಹತ್ತುತ್ತದೆ, ಒಲೆಯ ಹತ್ತಿರ ಬೇಡ. ಕಾಂಡದ ಮೇಲೆ ಸಾಲುಗಟ್ಟಿದ ಇರುವೆಗಳಿದ್ದರೆ ಅವನ್ನೂ ತಡೆಯಬೇಕು, ತಿಗಣೆಯ ಸಿಹಿ ಅಂಟಿಗಾಗಿ ಅವು ಅದನ್ನು ಕಾಯುತ್ತವೆ.

ಕೊಲ್ಲುವ ಮೊದಲು ಒಂದು ನಿಮಿಷ ನೋಡಿ. ಕ್ರಿಪ್ಟೋಲೀಮಸ್ ಎಂಬ ಗುಲಗಂಜಿ ಹುಳುವಿನ ಮರಿಯೂ ಬಿಳಿ ಮೇಣದ ಎಳೆಗಳನ್ನು ಹೊದ್ದಿರುತ್ತದೆ, ಮೊದಲ ನೋಟಕ್ಕೆ ದೊಡ್ಡ ಹಿಟ್ಟು ತಿಗಣೆಯೇ ಅನ್ನಿಸುತ್ತದೆ. ಆದರೆ ತಿಗಣೆ ಅಂಟಿಕೊಂಡಂತೆ ಕೂತಿರುತ್ತದೆ, ಇದು ಚುರುಕಾಗಿ ಓಡಾಡಿ ತಿಗಣೆಗಳನ್ನು ತಿನ್ನುತ್ತದೆ. ತೋಟದಲ್ಲಿ ಬಿಡಲೆಂದು ಹಣ ಕೊಟ್ಟು ತಂದ ಹುಳುವಿನ ಮರಿಗಳನ್ನು ಪೀಡೆಯೆಂದು ಹೊಸಕಿ ಹಾಕಿದವರನ್ನು ನಮ್ಮ ಊರಿನಲ್ಲೇ ಕಂಡಿದ್ದೇನೆ.

ಇನ್ನೊಂದು ಮಾತನ್ನು ಸ್ವಲ್ಪ ಗಟ್ಟಿಯಾಗಿಯೇ ಹೇಳುತ್ತೇನೆ. ಬೇವಿನೆಣ್ಣೆ ನಿರಪಾಯ ಎಂದು ಎಲ್ಲರೂ ಬರೆಯುತ್ತಾರೆ, ಆದರೆ ರೇಷ್ಮೆ ಹುಳುವಿಗೆ ಬೇವೂ ವಿಷವೇ. ನಮ್ಮ ತಾಲ್ಲೂಕಿನಲ್ಲಿ ಊರೊಳಗಿನ ಮನೆಗಳಲ್ಲೂ ಹುಳು ಸಾಕುತ್ತಾರೆ. ನಿಮ್ಮ ಬಾಲ್ಕನಿಯ ಪಕ್ಕದಲ್ಲೋ ಕೆಳಗಡೆಯೋ ಹುಳುಮನೆಯಿದ್ದರೆ, ಹಿಪ್ಪುನೇರಳೆ ಸೊಪ್ಪು ಇಳಿಸುವ ಜಾಗವಿದ್ದರೆ, ಹೊರಗೆ ಏನನ್ನೂ ಸಿಂಪಡಿಸಬೇಡಿ. ಬಚ್ಚಲಿನ ಬಾಗಿಲು ಹಾಕಿಕೊಂಡು ಹೊಡೆಯಿರಿ. ಸಿಂಪಡಿಸಿದ ಕೈಯಲ್ಲಿ, ಅದೇ ಬಟ್ಟೆಯಲ್ಲಿ ಹುಳುಮನೆಗೆ ಕಾಲಿಡಬೇಡಿ. ಗೂಡು ಕಟ್ಟಲು ನಾಲ್ಕು ದಿನವಿರುವಾಗ ಹುಳು ಸೊಪ್ಪು ಬಿಟ್ಟು ತಲೆಯೆತ್ತಿ ಕೂತರೆ ಆ ಮನೆಯವರ ಹೊಟ್ಟೆ ಹೇಗೆ ಉರಿಯುತ್ತದೆಂದು ಕಂಡವರಿಗೇ ಗೊತ್ತು.

ಮರುಪ್ರಶ್ನೆ: ಕಿಟಕಿಯಂಚು, ಚಿಕ್ಕಬಳ್ಳಾಪುರ

ಮೂವರಿಗೂ ಕೃತಜ್ಞತೆಗಳು. ಹಾಳೆಯ ಪರೀಕ್ಷೆ ಮಾಡಿದೆ: ಅಲೊಕೇಸಿಯಾದ ಒಂದೇ ಎಲೆಯಿಂದ ಎಣಿಸಿ ಮುಗಿಸಲಾರದಷ್ಟು, ಕ್ರೋಟನ್‌ನಿಂದ ಹದಿನಾಲ್ಕು, ಅರೆಕಾದಿಂದ ಆರು, ಸ್ನೇಕ್ ಪ್ಲಾಂಟ್‌ನಿಂದ ಒಂದೂ ಇಲ್ಲ. ಬಾಟಲಿಯ ಪರೀಕ್ಷೆಯೂ ತುಮಕೂರಿನವರು ಬರೆದಂತೆಯೇ ಆಯಿತು, ಅಮ್ಮನೇ ಬಂದು ನೋಡಿ ಬೂದಿಯ ಮಾತನ್ನು ಬಿಟ್ಟರು. ನಮ್ಮ ಕೆಳಮನೆಯವರು ಹುಳು ಸಾಕುವುದಿಲ್ಲ, ಆದರೆ ಎದುರು ಸಾಲಿನ ಕೊನೆಯ ಮನೆಯವರು ಸಾಕುತ್ತಾರೆ. ಆದ್ದರಿಂದ ಎಲ್ಲವನ್ನೂ ಬಚ್ಚಲಿನಲ್ಲೇ ಮಾಡುವುದೆಂದು ನಿರ್ಧರಿಸಿದ್ದೇನೆ. ಎರಡು ಸಂದೇಹಗಳು ಉಳಿದಿವೆ. ಮಣ್ಣಿನ ಕಪ್ಪು ನೊಣಗಳಿಗೆ ಏನು ಮಾಡಲಿ? ಮುಚ್ಚಿದ ಮೊದಲ ಮಹಡಿಯ ಹಜಾರಕ್ಕೆ ಈ ನುಸಿ ಬಂದದ್ದಾದರೂ ಎಲ್ಲಿಂದ? ಗಂಧಕದ ಪುಡಿ ಹೊಡೆದರೆ ಒಂದೇ ಸಲಕ್ಕೆ ಹೋಗುತ್ತದೆಂದು ಪರಿಚಿತರೊಬ್ಬರು ಹೇಳಿದರು, ಅದನ್ನೂ ಕೇಳಿಬಿಡುತ್ತೇನೆ.

ಉತ್ತರ: ಗುಲಾಬಿ ಪಾಲಿಹೌಸ್, ಚಿಕ್ಕಬಳ್ಳಾಪುರ ತಾಲ್ಲೂಕು

ಗಂಧಕ ಬೇಡ. ನಾವು ಹೊಲದಲ್ಲಿ ನೀರಿನಲ್ಲಿ ಬೆರೆಯುವ ಗಂಧಕ ಬಳಸುತ್ತೇವೆ ನಿಜ, ಆದರೆ ಮನೆಯೊಳಗೆ ಅದರ ವಾಸನೆಯೂ ಪುಡಿಯೂ ಮಗುವಿಗೆ ಒಳ್ಳೆಯದಲ್ಲ, ಈಗಿನ ಬಿಸಿಲಿನಲ್ಲಿ ಎಲೆಯೂ ಸುಡುತ್ತದೆ. ಬೇವಿನೆಣ್ಣೆ ಹೊಡೆದ ಗಿಡಕ್ಕೆ ಎರಡು ಮೂರು ವಾರದೊಳಗೆ ಗಂಧಕ ಹೊಡೆದರಂತೂ ಎಲೆ ಉಳಿಯುವುದೇ ಇಲ್ಲ. ನಮ್ಮ ಗುಲಾಬಿಗೆ ಹೊಡೆಯುವ ಅಬಮೆಕ್ಟಿನ್ ಮೊದಲಾದ ನುಸಿನಾಶಕಗಳನ್ನೂ ಯಾರಾದರೂ ಕೊಡಬಹುದು. ಒಂದೇ ಔಷಧಿಯನ್ನು ಮತ್ತೆ ಮತ್ತೆ ಹೊಡೆದರೆ ನುಸಿ ಅದಕ್ಕೆ ಬಗ್ಗುವುದಿಲ್ಲ, ಬದಲಾಯಿಸುತ್ತಲೇ ಇರಬೇಕಾಗುತ್ತದೆ. ಡಬ್ಬಿಯ ಮೇಲೆ ವಿಷದ ತೀವ್ರತೆ ತೋರಿಸುವ ತ್ರಿಕೋನ ಕೆಂಪೋ ಹಳದಿಯೋ ಆಗಿದ್ದರೆ ಅದು ಹಜಾರಕ್ಕೆ ತರುವ ವಸ್ತುವಲ್ಲ.

ನುಸಿ ಬಂದ ದಾರಿ ಎರಡು. ಒಂದು, ನರ್ಸರಿಯಿಂದ ತಂದ ಗಿಡದೊಂದಿಗೆ. ಹೊಸ ಗಿಡವನ್ನು ಎರಡು ಮೂರು ವಾರ ಬೇರೆ ಕೋಣೆಯಲ್ಲಿಟ್ಟು ಹಾಳೆಯ ಮೇಲೆ ತಟ್ಟಿ ನೋಡಿಯೇ ಉಳಿದವುಗಳ ಜೊತೆ ಸೇರಿಸಬೇಕು. ಇನ್ನೊಂದು, ಗಾಳಿ. ಫೆಬ್ರುವರಿ, ಮಾರ್ಚಿನಲ್ಲಿ ಸುತ್ತಲಿನ ಹೊಲಗಳಲ್ಲಿ ಬೆಳೆ ಒಣಗುತ್ತಾ ಬಂದಾಗ ನುಸಿ ಗಿಡದ ತುದಿಗೇರಿ, ನೂಲು ಬಿಟ್ಟು ಗಾಳಿಯಲ್ಲಿ ತೇಲಿ ಹೋಗುತ್ತದೆ. ನಾವು ಕಿತ್ತ ಹಳೆಯ ಗಿಡಗಳನ್ನು ಬದುವಿನಲ್ಲಿ ಒಟ್ಟಿದ ದಿನವೇ ಪಕ್ಕದ ಪಾಲಿಹೌಸಿನವರು ಜಗಳಕ್ಕೆ ಬರುತ್ತಾರೆ, ಅದರಲ್ಲಿ ಅವರ ತಪ್ಪೇನೂ ಇಲ್ಲ.

ಕಪ್ಪು ನೊಣಕ್ಕೆ ಔಷಧಿ ಬೇಡ, ನೀರು ಕಡಿಮೆ ಮಾಡಿ. ಅದರ ಮರಿಗಳು ಹಸಿ ಮಣ್ಣಿನ ಮೇಲ್ಪದರದಲ್ಲಿರುತ್ತವೆ. ಬೆರಳಿನ ಎರಡು ಗೆಣ್ಣಿನಷ್ಟು ಆಳಕ್ಕೆ ಮಣ್ಣು ಒಣಗಿದ ಮೇಲೆಯೇ ನೀರು ಹಾಕಿದರೆ ಅವು ಬದುಕುವುದಿಲ್ಲ. ಹಾರಾಡುವವಕ್ಕೆ ಹಳದಿ ಅಂಟುಹಾಳೆ ಸಾಕು. ಅಲೊಕೇಸಿಯಾಗೆ ಗಡ್ಡೆಯಿದೆ, ಬಲೆ ಕಟ್ಟಿದ ಎಲೆಗಳನ್ನೆಲ್ಲ ಬುಡಕ್ಕೆ ಕತ್ತರಿಸಿಬಿಡಿ. ಗಡ್ಡೆ ಗಟ್ಟಿಯಾಗಿದ್ದರೆ ಚಿಗುರುತ್ತದೆ.

ಮಾಹಿತಿ: ಕಿಟಕಿಯಂಚು, ಚಿಕ್ಕಬಳ್ಳಾಪುರ

ಇಂದಿಗೆ ಹದಿನೆಂಟು ದಿನ, ನಾಲ್ಕು ಬಾರಿಯ ತೊಳೆತ ಮತ್ತು ಸಿಂಪಡಣೆ ಮುಗಿದಿದೆ. ಅಲೊಕೇಸಿಯಾದ ಐದು ಎಲೆಗಳಲ್ಲಿ ನಾಲ್ಕನ್ನು ಕತ್ತರಿಸಿದೆ, ಉಳಿದದ್ದರ ಪಕ್ಕದಲ್ಲಿ ಸುರುಳಿ ಬಿಚ್ಚದ ಹೊಸ ಎಲೆಯೊಂದು ಹೆಬ್ಬೆರಳುದ್ದ ಬಂದಿದೆ. ಹಳೆಯ ಎಲೆಯ ಚುಕ್ಕೆಗಳು ಹಾಗೆಯೇ ಇವೆ. ಈ ಬೆಳಿಗ್ಗೆ ತಟ್ಟಿದಾಗ ಹಾಳೆಯ ಮೇಲೆ ಕ್ರೋಟನ್‌ನಿಂದ ಎರಡು ಬಿದ್ದವು, ಅರೆಕಾದಿಂದ ಏನೂ ಬೀಳಲಿಲ್ಲ. ಹಳದಿ ಹಾಳೆ ಕಪ್ಪಾಗಿದೆ, ನೊಣಗಳು ಈಗ ಅಪರೂಪ. ದಾಸವಾಳದ ಕತ್ತರಿಸಿದ ಕೊನೆಯಲ್ಲಿ ತಿಗಣೆ ಕಾಣುತ್ತಿಲ್ಲ, ಇರುವೆಗಳು ಮಾತ್ರ ಇನ್ನೂ ಹತ್ತಿ ಇಳಿಯುತ್ತಿವೆ. ಆ ಎರಡು ನುಸಿಗಳಿಗಾಗಿ ಕ್ರೋಟನ್ ಒಂದನ್ನೇ ಇನ್ನೆರಡು ಬಾರಿ ಬಚ್ಚಲಿಗೆ ಒಯ್ಯುತ್ತೇನೆ. ಆರ್‌ಓ ನೀರಿನ ಕ್ಯಾನಿನ ಮೇಲೆ ಅಮ್ಮ ಸುಣ್ಣದಲ್ಲಿ ‘ಗಿಡಕ್ಕೆ’ ಎಂದು ಬರೆದಿಟ್ಟಿದ್ದಾರೆ.